ಗಂಟಲು ಪದೇ ಪದೇ ಕಟ್ಟುತ್ತಿದೆ, ಧ್ವನಿತಂತುಗಳಲ್ಲಿ ಗಂಟು ಅಂದರು. ಒಳಗೆ ನಡೆಯೋದು ಏನು, ಬಲ್ಲವರು ಬಿಡಿಸಿ ಹೇಳ್ತೀರಾ?

ಎಂಟನೇ ಕ್ಲಾಸಿನ ಟೀಚರ್
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ದನಿ ಚೆನ್ನಾಗೇ ಇರುತ್ತೆ, ಊಟದ ಬಿಡುವಿನ ಹೊತ್ತಿಗೆ ಒರಟಾಗುತ್ತೆ, ಕೊನೇ ಪೀರಿಯಡ್‌ಗೆ ಬರೀ ಗಾಳಿ. ದಸರಾ ರಜೆಯಲ್ಲಿ ಸರಿಹೋಗಿತ್ತು, ಶಾಲೆ ಶುರುವಾಯ್ತು, ಮತ್ತೆ ಅದೇ ಕಥೆ.

ಇಎನ್‌ಟಿ ಡಾಕ್ಟರ್ ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದ್ರು. ಎರಡೂ ಧ್ವನಿತಂತುಗಳ ಅಂಚಿನಲ್ಲಿ ಸಣ್ಣ ಗಂಟು ಇದೆ, ಮಾತು ಕಡಿಮೆ ಮಾಡಿ ಅಂತ ಹೇಳಿ ಕಳಿಸಿದ್ರು. ಸಾಲು ಉದ್ದ ಇತ್ತು, ಹೆಚ್ಚು ಕೇಳೋಕೆ ಆಗ್ಲಿಲ್ಲ. ಪಾಠ ಮಾಡೋದೇ ನನ್ನ ಕೆಲಸ, ಎಷ್ಟು ಕಡಿಮೆ ಮಾಡ್ಲಿ? ಅಷ್ಟು ಚಿಕ್ಕ ಗಂಟು ಇಡೀ ದನಿಯನ್ನ ಹೇಗೆ ನುಂಗಿಹಾಕುತ್ತೆ? ಅಸಲಿಗೆ ದನಿ ಹುಟ್ಟೋದು ಹೇಗೆ ಅಂತ ಗೊತ್ತಾದ್ರೆ ಯಾವುದು ಮಾಡ್ಬೇಕು, ಯಾವುದು ಬಿಡ್ಬೇಕು ಅನ್ನೋದು ನನಗೇ ಹೊಳೆಯಬಹುದು. ಶಾಲೆಯಲ್ಲಂತೂ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ.

ಮಲೆನಾಡಿನ ಮದ್ದು
ಜೇಷ್ಠಮಧು ಕಡ್ಡಿ ಬಾಯಲ್ಲಿಟ್ಟುಕೊಂಡು ರಸ ನುಂಗಿ. ರಾತ್ರಿ ಕಾಳುಮೆಣಸು, ಕಲ್ಲುಸಕ್ಕರೆ. ರಸ ನೇರ ಧ್ವನಿತಂತುಗಳ ಮೇಲೆ ಇಳಿದು ಗಂಟು ಕರಗಿಸುತ್ತೆ. ನಮ್ಮ ಮನೇಲಿ ಹಾಡೋರೆಲ್ಲ ಮಾಡೋದು ಇದನ್ನೇ.

ಘಟ್ಟದ ಕೆಳಗಿನವ
ಮಾತಾಡಲೇಬೇಕಾದ್ರೆ ಪಿಸುಗುಟ್ಟಿ ಟೀಚರೇ. ಸ್ವರಕ್ಕೆ ವಿಶ್ರಾಂತಿ ಸಿಕ್ತದೆ.

ವಾಕ್ ಚಿಕಿತ್ಸಕಿ
ಮೇಲಿನ ಎರಡೂ ಸಲಹೆ ಬಗ್ಗೆ ಹೇಳಲೇಬೇಕು. ನನ್ನ ವೃತ್ತಿಯೇ ಇದು.

ನುಂಗಿದ್ದು ಯಾವುದೂ ಧ್ವನಿತಂತುಗಳಿಗೆ ತಾಗೋದಿಲ್ಲ. ನುಂಗುವಾಗ ಧ್ವನಿತಂತುಗಳಿರೋ ಧ್ವನಿಪೆಟ್ಟಿಗೆ ಮೇಲಕ್ಕೆ ಸರಿಯುತ್ತೆ, ತಂತುಗಳು ಬಿಗಿಯಾಗಿ ಮುಚ್ಚಿಕೊಳ್ತವೆ, ಅದರ ಮೇಲಿರೋ ಕಿರುಮುಚ್ಚಳ (ಎಪಿಗ್ಲಾಟಿಸ್) ಬಾಗುತ್ತೆ, ನೀರು ಅನ್ನ ಎಲ್ಲಾ ಹಿಂದಿನ ಅನ್ನನಾಳಕ್ಕೆ ಹೋಗುತ್ತೆ. ಒಂದು ಹನಿ ದಾರಿ ತಪ್ಪಿದರೂ ನೆತ್ತಿಗೆ ಹತ್ತಿ ಕೆಮ್ಮು ಬರೋದು ಇದಕ್ಕೇ. ಧ್ವನಿಪೆಟ್ಟಿಗೆಯ ಮೊದಲ ಕೆಲಸ ಮಾತಲ್ಲ, ಶ್ವಾಸನಾಳದ ಕಾವಲು. ಜೇಷ್ಠಮಧು ಗಂಟಲಿನ ಗೋಡೆಗೆ ಹಿತವಾಗಿರಬಹುದು, ತಿನ್ನಿ, ಬೇಡ ಅನ್ನಲ್ಲ. ಬಿಪಿ ಇರೋರು ಮಾತ್ರ ಹುಷಾರು, ಜಾಸ್ತಿ ತಿಂದ್ರೆ ಅದು ರಕ್ತದೊತ್ತಡ ಏರಿಸುತ್ತೆ. ಆದರೆ ಗಂಟು ಕರಗಿಸುತ್ತೆ ಅನ್ನೋದನ್ನ ನಂಬಿ ತಿಂಗಳುಗಟ್ಟಲೆ ಕೂರಬೇಡಿ.

ಇನ್ನು ಪಿಸುಮಾತು. ಮೂವತ್ತು ಮಕ್ಕಳಿಗೆ ಕೇಳೋ ಹಾಗೆ ಪಿಸುಗುಟ್ಟೋಕೆ ಹೋದ್ರೆ ಹಲವರು ತಂತುಗಳ ಮೇಲಿನ ಭಾಗವನ್ನೆಲ್ಲ ಹಿಂಡಿಕೊಂಡು ಮಾತಾಡ್ತಾರೆ. ಅದು ವಿಶ್ರಾಂತಿ ಅಲ್ಲ. ಮೆಲ್ಲಗೆ, ಮಾಮೂಲಿ ದನಿಯಲ್ಲೇ ಮಾತಾಡೋದು ಎಷ್ಟೋ ವಾಸಿ.

ಮಲೆನಾಡಿನ ಮದ್ದು
ಹಾಗಾದ್ರೆ ನಮ್ಮ ಹಿರಿಯರು ಸುಮ್ನೆ ಮಾಡ್ತಿದ್ರಾ? ಜೇಷ್ಠಮಧು ತಿಂದ ಮೇಲೆ ದನಿ ತಿಳಿಯಾಗೋದನ್ನ ನನ್ನ ಕಿವಿಯಾರೆ ಕೇಳಿದ್ದೀನಿ.

ವಾಕ್ ಚಿಕಿತ್ಸಕಿ
ಏನನ್ನಾದ್ರೂ ಚೀಪಿದ್ರೆ ಜೊಲ್ಲು ಬರುತ್ತೆ, ಪದೇ ಪದೇ ನುಂಗ್ತೀರಿ, ಕೆರೆತ ಶಮನವಾಗುತ್ತೆ, ಗಂಟಲು ಕೆರೆದು 'ಹ್ಹಂ' ಅನ್ನೋದು ನಿಲ್ಲುತ್ತೆ. ಲಾಭ ಅದರಿಂದ. ತಂತುಗಳಿಗೆ ನೇರ ತಲುಪೋದು ಉಸಿರಿನ ಜೊತೆ ಹೋಗೋದು ಮಾತ್ರ: ಹಬೆ, ಧೂಳು, ಹೊಗೆ. ಸೀಮೆಸುಣ್ಣದ ಪುಡಿ ಕೂಡ.

ಪಿಯು ಭೌತಶಾಸ್ತ್ರ
ಟೀಚರ್ ಕೇಳಿದ ಮೂಲ ಪ್ರಶ್ನೆಗೆ ಬರ್ತೀನಿ. ಉದ್ದ ಆಗುತ್ತೆ, ಸಾವಧಾನವಾಗಿ ಓದಿ.

ಧ್ವನಿತಂತು ಅಂದ ಕೂಡಲೇ ನಾವೆಲ್ಲ ಮನಸ್ಸಲ್ಲಿ ತಂತಿ ಬಿಗಿದುಬಿಡ್ತೀವಿ. 1741ರಲ್ಲಿ ಫ್ರಾನ್ಸಿನ ಅಂಗರಚನಾ ತಜ್ಞ ಫೆರೈನ್ ಕೂಡ ಅದನ್ನೇ ಹೇಳಿದ್ದ, ಗಾಳಿ ಪಿಟೀಲಿನ ಕಮಾನು, ಒಳಗಿರೋದು ತಂತಿ ಅಂತ. ನಿಜವಾಗಿ ಇರೋದು ಎರಡು ಮೆತ್ತನೆ ಮಡಿಕೆ. ಶ್ವಾಸನಾಳದ ತುದಿಯಲ್ಲಿ, ಕತ್ತಿನ ಮುಂದೆ ಕೈಗೆ ಸಿಗೋ ಉಬ್ಬಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು ಅಡ್ಡಡ್ಡ ಚಾಚಿಕೊಂಡಿರುತ್ತವೆ. ಅವುಗಳ ಉದ್ದ ಹೆಂಗಸರಲ್ಲಿ ಹೆಚ್ಚುಕಡಿಮೆ ಒಂದೂಕಾಲರಿಂದ ಒಂದೂಮುಕ್ಕಾಲು ಸೆಂಟಿಮೀಟರ್, ಗಂಡಸರಲ್ಲಿ ಎರಡರ ಹತ್ತಿರ. ಉಸಿರಾಡುವಾಗ ಮುಂದೆ ಕೂಡಿಕೊಂಡು ಹಿಂದೆ ಅಗಲಿ ತ್ರಿಕೋನದ ಬಾಗಿಲು ಬಿಟ್ಟಿರುತ್ತವೆ. ಮಾತಾಡಬೇಕು ಅಂದ ಕ್ಷಣ ಹಿಂತುದಿಯಲ್ಲಿರೋ ಎರಡು ಪುಟ್ಟ ಮೃದ್ವಸ್ಥಿಗಳು (ಮೆತ್ತನೆ ಎಲುಬು) ತಿರುಗಿ ಮಡಿಕೆಗಳನ್ನ ಹತ್ತಿರ ತರುತ್ತವೆ. ಕೆಳಗೆ ಗಾಳಿಯ ಒತ್ತಡ ಏರುತ್ತೆ. ಮಾಮೂಲಿ ಮಾತಿಗೆ 5ರಿಂದ 10 ಸೆಂಟಿಮೀಟರ್ ನೀರಿನ ಕಂಬದಷ್ಟು ಒತ್ತಡ ಸಾಕು. ಮಡಿಕೆಗಳ ಕೆಳ ಅಂಚು ಮೊದಲು ಬಿಡುತ್ತೆ, ಆಮೇಲೆ ಮೇಲಂಚು. ಮುಚ್ಚುವಾಗಲೂ ಕೆಳ ಅಂಚೇ ಮೊದಲು. ಹೀಗೆ ಗಾಳಿ ತುಂಡು ತುಂಡಾಗಿ ಹೊರಗೆ ಬರುತ್ತೆ. ಸೆಕೆಂಡಿಗೆ ಗಂಡಸರಲ್ಲಿ ನೂರು, ನೂರಿಪ್ಪತ್ತು ಸಲ, ಹೆಂಗಸರಲ್ಲಿ ಸುಮಾರು 200, ಚಿಕ್ಕ ಮಕ್ಕಳಲ್ಲಿ 300ರ ಆಚೆ.

ಈ ತುಂಡಾದ ಗಾಳಿಯೇ ದನಿಯ ಕಚ್ಚಾ ಮಾಲು. ಅಲ್ಲೇ ಕೇಳಿಸಿಕೊಂಡ್ರೆ ಬರೀ ಗುಂಯ್ ಅನ್ನೋ ಸದ್ದು. ಅದು 'ಅ' ಆಗೋದು, 'ಇ' ಆಗೋದು ಗಂಟಲು, ಬಾಯಿ, ನಾಲಿಗೆ, ತುಟಿಯ ಆಕಾರದಿಂದ.

ಸೆಕೆಂಡ್ ಪಿಯುಸಿ
ಸರ್, ಸೆಕೆಂಡಿಗೆ 200 ಸಲ ಅಂದ್ರೆ ಮೆದುಳು 200 ಸಲ ಸ್ನಾಯುವಿಗೆ ಆದೇಶ ಕಳಿಸುತ್ತಾ?

ಪಿಯು ಭೌತಶಾಸ್ತ್ರ
ಒಳ್ಳೇ ಪ್ರಶ್ನೆ. 1950ರಲ್ಲಿ ರೌಲ್ ಹುಸ್ಸೋಂ ಅನ್ನೋ ಫ್ರೆಂಚ್ ವಿಜ್ಞಾನಿ ಹಾಗೇ ವಾದಿಸಿದ್ದ, ಪ್ರತಿ ಕಂಪನಕ್ಕೂ ನರದಿಂದ ಒಂದು ಸಂಕೇತ ಅಂತ. ನಿಲ್ಲಲಿಲ್ಲ. 1830ರ ದಶಕದಲ್ಲೇ ಜರ್ಮನಿಯ ಯೊಹಾನೆಸ್ ಮ್ಯೂಲರ್ ಶವದಿಂದ ತೆಗೆದ ಧ್ವನಿಪೆಟ್ಟಿಗೆಗೆ ಗಾಳಿ ಊದಿ ಸ್ವರ ಹೊರಡಿಸಿದ್ದ. ಅಲ್ಲಿ ಮೆದುಳೂ ಇಲ್ಲ, ನರವೂ ಇಲ್ಲ. ಮೆದುಳಿನ ಕೆಲಸ ಮಡಿಕೆಗಳನ್ನ ಹತ್ತಿರ ತಂದು, ಎಷ್ಟು ಬಿಗಿ ಬೇಕೋ ಅಷ್ಟು ಬಿಗಿದು ನಿಲ್ಲಿಸೋದು. ಕಂಪಿಸೋದು ಗಾಳಿಯಿಂದ. 1958ರಲ್ಲಿ ನೆದರ್ಲೆಂಡ್ಸ್‌ನ ವಾನ್ ಡೆನ್ ಬರ್ಗ್ ಇದನ್ನ ಸಿದ್ಧಾಂತವಾಗಿ ಕಟ್ಟಿದ: ಸ್ನಾಯುವಿನ ಸ್ಥಿತಿಸ್ಥಾಪಕತೆ ಮತ್ತು ವಾಯುಬಲ, ಎರಡೂ ಸೇರಿ. ಮಡಿಕೆ ಮುಚ್ಚೋಕೆ ಬರ್ನೂಲಿ ಪರಿಣಾಮ ಕಾರಣ, ವೇಗವಾಗಿ ನುಗ್ಗೋ ಗಾಳಿಯಿಂದ ಒತ್ತಡ ತಗ್ಗಿ ಎರಡೂ ಒಳಕ್ಕೆ ಸೆಳೆದುಕೊಳ್ತವೆ.

ಸಿಗ್ನಲ್ ಪ್ರೊಸೆಸಿಂಗ್
ಮೇಷ್ಟ್ರೇ, ಬರ್ನೂಲಿ ಒಂದರಿಂದಲೇ ಲೆಕ್ಕ ಕೂಡಲ್ಲ. ತೆರೆಯುವಾಗ ಎಷ್ಟು ಸೆಳೆತವೋ ಮುಚ್ಚುವಾಗಲೂ ಅಷ್ಟೇ ಆದ್ರೆ ಒಂದು ಸುತ್ತಿನಲ್ಲಿ ಸಿಗೋ ಶಕ್ತಿ ಸೊನ್ನೆ, ಕಂಪನ ನಾಲ್ಕು ಸಲ ಅಲ್ಲಾಡಿ ಸತ್ತುಹೋಗ್ಬೇಕು. ನೀವೇ ಹೇಳಿದ ಕೆಳ ಅಂಚು ಮೊದಲು ಅನ್ನೋದರಲ್ಲೇ ಉತ್ತರ ಇದೆ. ತೆರೆಯುವಾಗ ಸಂದು ಕೆಳಗೆ ಅಗಲ ಮೇಲೆ ಕಿರಿದು, ಒಳಗೆ ಒತ್ತಡ ಹೆಚ್ಚು, ಹೊರಕ್ಕೆ ದೂಡುತ್ತೆ. ಮುಚ್ಚುವಾಗ ಆಕಾರ ತಿರುವುಮುರುವು, ಒತ್ತಡ ಕಡಿಮೆ. ಈ ವ್ಯತ್ಯಾಸದಿಂದ ಪ್ರತಿ ಸುತ್ತಿನಲ್ಲೂ ಗಾಳಿ ಮಡಿಕೆಗೆ ಸ್ವಲ್ಪ ಶಕ್ತಿ ಕೊಡ್ತಾ ಹೋಗುತ್ತೆ. ಮೇಲಿನ ನಾಳದಲ್ಲಿ ತುಂಬಿರೋ ಗಾಳಿಯ ಜಡತ್ವವೂ ಸಹಾಯ ಮಾಡುತ್ತೆ. ಅಮೆರಿಕದ ಇಂಗೋ ಟಿಟ್ಜೆ ಇದನ್ನೆಲ್ಲ ಲೆಕ್ಕ ಹಾಕಿ ತೋರಿಸಿದ್ದಾರೆ.

ಪಿಯು ಭೌತಶಾಸ್ತ್ರ
ಬರ್ನೂಲಿ ಇಲ್ಲವೇ ಇಲ್ಲ ಅನ್ನೋ ಹಾಗಿಲ್ವಲ್ಲ. ಮಕ್ಕಳಿಗೆ ಮೊದಲ ಮೆಟ್ಟಿಲಿಗೆ ಅದು ಬೇಕು.

ಸಿಗ್ನಲ್ ಪ್ರೊಸೆಸಿಂಗ್
ಮೊದಲ ಮೆಟ್ಟಿಲು ಅಂತ ಹೇಳಿ ಕಲಿಸಿ, ಪೂರ್ತಿ ಮನೆ ಅಂತ ಬೇಡ. ಪಠ್ಯದಲ್ಲಿ ಅರ್ಧ ಹೇಳಿದ್ದನ್ನೇ ನಾವು ಕೊನೇತನಕ ನಂಬಿಕೊಂಡು ಇರ್ತೀವಿ.

ಹಳಗನ್ನಡದ ಹುಚ್ಚು
ನೀವು ವಿಜ್ಞಾನದವರು ಜಗಳ ಮುಂದುವರಿಸಿ, ನಾನೊಂದು ಹೇಳಿ ಹೋಗ್ತೀನಿ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದ ಶುರುವಿನಲ್ಲೇ ಮಾತಿನ ಹುಟ್ಟನ್ನ ವಿವರಿಸ್ತಾನೆ: ಜೀವದ ಇಚ್ಛೆ, ಅದಕ್ಕೆ ಅನುಕೂಲವಾದ ಗಾಳಿ, ನಾಭಿಯ ಬುಡದಿಂದ ಕಹಳೆಯ ಹಾಗೆ ಶಬ್ದ ಹೊರಡುತ್ತೆ ಅಂತ. ವೀಣೆ ಅನ್ನಲಿಲ್ಲ ನೋಡಿ, ಕಹಳೆ ಅಂದ.

ಸಿಗ್ನಲ್ ಪ್ರೊಸೆಸಿಂಗ್
ಅಬ್ಬಾ, ಇದು ತುಂಬಾ ಹತ್ತಿರದ ಹೋಲಿಕೆ! ಕಹಳೆ ಊದೋವನ ತುಟಿ ನೋಡಿ. ಎರಡು ಮೆತ್ತನೆ ಅಂಚು ಸೇರಿರುತ್ತೆ, ಹಿಂದಿನ ಗಾಳಿ ಒತ್ತಡಕ್ಕೆ ಬಿಟ್ಟು ಕೂಡಿ ಬಿಟ್ಟು ಕೂಡಿ ಅದುರುತ್ತೆ, ಮುಂದಿನ ಕೊಳವೆ ಆ ಸದ್ದಿಗೆ ಬಣ್ಣ ಕೊಡುತ್ತೆ. ಧ್ವನಿಪೆಟ್ಟಿಗೆಯಲ್ಲೂ ಇಷ್ಟೇ.

ಪಿಯು ಭೌತಶಾಸ್ತ್ರ
ನಾಭಿಮೂಲ ಅನ್ನೋದನ್ನೂ ತಳ್ಳಿಹಾಕಬೇಕಿಲ್ಲ. ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ), ಹೊಟ್ಟೆಯ ಸ್ನಾಯು ಉಸಿರನ್ನ ಹತೋಟಿಯಲ್ಲಿ ಬಿಡದಿದ್ರೆ ಸ್ವರ ನಿಲ್ಲಲ್ಲ. ಆದರೆ ಶಬ್ದ ಅಲ್ಲಿ ಹುಟ್ಟಲ್ಲ, ಅದನ್ನೂ ಹೇಳ್ಬೇಕು.

ಧಾರವಾಡದಾಂವ
ಹಾಡೋರನ್ನ ಕೇಳ್ರಿ, ಅವರಿಗೆ ಗೊತ್ತೈತಿ. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಲಿನ ರೆಕಾರ್ಡು ಕೇಳಿದ್ರ ಸಣ್ಣ, ಏರು ದನಿ. ಮುಂದ ಗಂಟಲದ ಆಪರೇಷನ್ ಆತು, ದನಿ ದಪ್ಪಾತು. ರೇಡಿಯೋದಾಗ ಕೇಳಿದವರು ಗಂಡಸರು ಹಾಡಾಕತ್ತಾರ ಅಂತ ತಿಳಕೋತಿದ್ರಂತ. ಆ ದನಿಯೊಳಗ ಅವರು ಷಡ್ಜ ಹಚ್ಚಿದ್ರ ಮೈಯಾಗ ನಡುಕ ಹುಟ್ಟತಿತ್ತು. ದನಿ ಹೋತು ಅಂತ ಅವರು ಕೂಡಲಿಲ್ಲ, ಇದ್ದ ದನಿಯೊಳಗ ಕಿರಾಣಾ ಘರಾಣೆ ಅನ್ನೋ ಹಿಂದೂಸ್ತಾನಿ ಗಾಯನ ಪರಂಪರಾ ಬೆಳಸಿದ್ರು. ಟೀಚರ್, ಧೈರ್ಯ ಬಿಡಬ್ಯಾಡ್ರಿ.

ರಾಜಾಜಿನಗರ
ಅದು ಟಾನ್ಸಿಲ್ ಆಪರೇಷನ್ ಅಂತ ಓದಿದ್ದೆ. ನನ್ನ ಮಗಳಿಗೂ ಟಾನ್ಸಿಲ್ ತೆಗೆಸ್ಬೇಕು ಅಂದಿದ್ದಾರೆ, ಸಂಗೀತ ಕಲೀತಿದ್ದಾಳೆ. ಭಯ ಆಗ್ತಿದೆ.

ವಾಕ್ ಚಿಕಿತ್ಸಕಿ
ಭಯ ಬೇಡ. ಟಾನ್ಸಿಲ್ ಇರೋದು ಬಾಯಿಯ ಹಿಂಭಾಗದಲ್ಲಿ, ಧ್ವನಿತಂತುಗಳು ಅದಕ್ಕಿಂತ ಸಾಕಷ್ಟು ಕೆಳಗೆ. ದೊಡ್ಡ ಟಾನ್ಸಿಲ್ ತೆಗೆದಾಗ ಅನುರಣನ, ಅಂದ್ರೆ ಬಾಯಿ ಗಂಟಲಿನ ಟೊಳ್ಳಿನಲ್ಲಿ ದನಿ ಮೊಳಗೋ ರೀತಿ, ಸ್ವಲ್ಪ ಬದಲಾಗಬಹುದು, ಮಕ್ಕಳು ಬೇಗ ಹೊಂದಿಕೊಳ್ತಾರೆ. ಮಗಳು ಹಾಡ್ತಾಳೆ ಅಂತ ಶಸ್ತ್ರವೈದ್ಯರಿಗೂ ಅರಿವಳಿಕೆ ಕೊಡೋರಿಗೂ ಮುಂಚೆಯೇ ಹೇಳಿ. ಉಸಿರಿನ ಕೊಳವೆ ಹಾಕುವಾಗ ಅದು ಧ್ವನಿತಂತುಗಳ ನಡುವೆಯೇ ಹೋಗೋದು, ಅವರು ಎಚ್ಚರ ವಹಿಸ್ತಾರೆ.

ಘಟ್ಟದ ಕೆಳಗಿನವ
ಯಕ್ಷಗಾನದ ಭಾಗವತರ ವಿಷಯ ಯಾರೂ ಎತ್ಲಿಲ್ಲ. ಮೈಕಿಲ್ಲದ ಕಾಲದಲ್ಲಿ ಚೆಂಡೆಯ ಪೆಟ್ಟಿನ ಮೇಲೆ ರಾತ್ರಿಯಿಡೀ ಪದ ಹೇಳಿದವರು ಅವರು. ಕಾಳಿಂಗ ನಾವಡರ ಏರು ಶ್ರುತಿ ಕೇಳಿದವರಿಗೆ ಈಗಲೂ ಕಿವಿಯಲ್ಲುಂಟು. ಅಷ್ಟು ಮೇಲೆ ಹೋಗ್ಲಿಕ್ಕೆ ಒಳಗೆ ಎಂತ ಆಗ್ತದೆ ಮಾರಾಯ್ರೆ?

ಪಿಯು ಭೌತಶಾಸ್ತ್ರ
ಮುಂದಿನ ದೊಡ್ಡ ಮೃದ್ವಸ್ಥಿ ಕೆಳಗಿನ ಉಂಗುರದಂಥ ಮೃದ್ವಸ್ಥಿಯ ಕಡೆ ವಾಲುತ್ತೆ. ಮಡಿಕೆ ಎಳೆದುಕೊಂಡು ಉದ್ದವಾಗುತ್ತೆ, ತೆಳುವಾಗುತ್ತೆ, ಬಿಗಿಯಾಗುತ್ತೆ. ಬಿಗಿಯಾದಷ್ಟೂ ಕಂಪನ ಹೆಚ್ಚು, ಶ್ರುತಿ ಮೇಲೆ. ಮಂದ್ರಕ್ಕೆ ಇಳಿಯುವಾಗ ಮಡಿಕೆಯ ಒಳಗಿನ ಸ್ನಾಯು ಅದನ್ನ ಗಿಡ್ಡ, ದಪ್ಪ, ಸಡಿಲ ಮಾಡುತ್ತೆ. ಜೋರು ಬೇಕಾದರೆ ಕೆಳಗಿನ ಒತ್ತಡ ಏರಿಸ್ಬೇಕು.

ತಂಬೂರಿ
ಮೇಷ್ಟ್ರು ಹೇಳಿದ್ದು ಶ್ರುತಿ ಮತ್ತು ಬಲ. ಚೆಂಡೆಯ ಮೇಲೆ ಕೇಳಿಸೋದಕ್ಕೆ ಬಲ ಒಂದೇ ಕಾರಣ ಅಲ್ಲ. ಪಾಶ್ಚಾತ್ಯ ಒಪೆರಾ ಗಾಯಕರಲ್ಲಿ ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಒಂದು ವಿಷಯ ಗುರುತಿಸಿದ್ರು: ಧ್ವನಿಪೆಟ್ಟಿಗೆಯ ಮೇಲ್ಭಾಗವನ್ನ ಒಂದು ರೀತಿ ಕಿರಿದು ಮಾಡಿಕೊಂಡಾಗ ಸುಮಾರು 3000 ಹರ್ಟ್ಸ್ ಆಸುಪಾಸಿನಲ್ಲಿ ದನಿಯ ಶಕ್ತಿ ಗುಂಪುಗೂಡುತ್ತೆ. ವಾದ್ಯವೃಂದದ ಸದ್ದು ಅಲ್ಲಿ ಕಡಿಮೆ, ನಮ್ಮ ಕಿವಿ ಅಲ್ಲಿ ಬಹಳ ಚುರುಕು. ಅದಕ್ಕೇ ಮೈಕಿಲ್ಲದೆ ಹಿಂದಿನ ಸಾಲಿಗೂ ಮುಟ್ಟುತ್ತೆ. ನಮ್ಮಲ್ಲಿ ಶಾರೀರ ಕಂಚಿನಂತಿದೆ ಅಂತೀವಲ್ಲ, ಆ ಕಂಚು ಬರೋದು ಇಂಥಾ ಮೇಲಿನ ಆವರ್ತಗಳಿಂದ.

ಸಂಗೀತ ಪಾಠದ ಅನುಭವದಿಂದ ಒಂದು ಮಾತು. ಶಾರೀರಕ್ಕೆ ಹೊಂದದ ಶ್ರುತಿಯಲ್ಲಿ ಹಾಡಿಸೋದು ತಪ್ಪು. ಗುರುಗಳ ಕಟ್ಟೆಯೇ (ಆಧಾರ ಶ್ರುತಿಯ ಮನೆ) ಶಿಷ್ಯರ ಕಟ್ಟೆ ಆಗಬೇಕಿಲ್ಲ. ಇದರ ಬಗ್ಗೆ ನಾನು ಬಹಳ ಜನರ ಜೊತೆ ಜಗಳ ಆಡಿದ್ದೀನಿ, ಇನ್ನೂ ಆಡ್ತೀನಿ.

ಘಟ್ಟದ ಕೆಳಗಿನವ
ಅಕ್ಷರಶಃ ಸರಿ. ಏರು ಶ್ರುತಿಯ ಅನುಕರಣೆಗೆ ಹೋಗಿ ಸ್ವರ ಬಿದ್ದ ಹುಡುಗರು ನಮ್ಮ ಕಡೆ ಇದ್ದಾರೆ.

ಸೆಕೆಂಡ್ ಪಿಯುಸಿ
ಹೀಲಿಯಂ ಎಳೆದುಕೊಂಡ್ರೆ ದನಿ ಕೀರಲು ಆಗೋದು ಧ್ವನಿತಂತು ಬಿಗಿಯಾಗಿ ತಾನೇ?

ಸಿಗ್ನಲ್ ಪ್ರೊಸೆಸಿಂಗ್
ಅಲ್ಲ. ತಂತುಗಳು ಹೆಚ್ಚುಕಡಿಮೆ ಅದೇ ವೇಗದಲ್ಲಿ ಅದುರ್ತವೆ. ಹೀಲಿಯಂನಲ್ಲಿ ಶಬ್ದದ ವೇಗ ಗಾಳಿಗಿಂತ ಮೂರು ಪಟ್ಟಿನ ಹತ್ತಿರ, ಹಾಗಾಗಿ ಬಾಯಿ ಗಂಟಲಿನ ಅನುರಣನ ಮೇಲಕ್ಕೆ ಹೋಗುತ್ತೆ. ಮತ್ತೆ ದಯವಿಟ್ಟು ಸಿಲಿಂಡರಿನಿಂದ ನೇರ ಎಳೆದುಕೊಳ್ಳೋಕೆ ಹೋಗ್ಬೇಡ, ಶ್ವಾಸಕೋಶ ಹರಿದು ಸತ್ತವರಿದ್ದಾರೆ.

ಎಂಟನೇ ಕ್ಲಾಸಿನ ಟೀಚರ್
ಎಷ್ಟು ವಿಷಯ ಹೇಳ್ತಿದ್ದೀರಿ, ಎಲ್ಲ ಓದ್ತಿದ್ದೀನಿ. ಈ ಗಂಟು ಎಲ್ಲಿ ಬರುತ್ತೆ, ಯಾಕೆ ಎರಡೂ ಕಡೆ ಬಂತು?

ವಾಕ್ ಚಿಕಿತ್ಸಕಿ
ಮಡಿಕೆಯ ರಚನೆ ಗೊತ್ತಿದ್ರೆ ಇದು ಸುಲಭ. ಜಪಾನಿನ ಮಿನೋರು ಹಿರಾನೊ 1970ರ ದಶಕದಲ್ಲಿ ತೋರಿಸಿದ ಹಾಗೆ ಅದು ಪದರ ಪದರವಾಗಿದೆ. ಮೇಲೆ ತೆಳು ಚರ್ಮ, ಅದರ ಕೆಳಗೆ ಲೋಳೆಯಷ್ಟು ಮೆತ್ತಗಿನ ಪದರ, ಆಮೇಲೆ ಗಟ್ಟಿ ನಾರಿನ ಎರಡು ಪದರ, ಕೊನೆಗೆ ಸ್ನಾಯು. ಅಲೆಯ ಹಾಗೆ ಹರಿದಾಡೋದು ಮೇಲಿನ ಮೆತ್ತಗಿನ ಭಾಗ. ಹುಟ್ಟಿದ ಕೂಸಿನಲ್ಲಿ ಈ ಪದರಗಳೇ ಬೇರೆ ಬೇರೆಯಾಗಿ ಇರಲ್ಲ, ಬೆಳೀತಾ ಹದಿಹರೆಯದ ಹೊತ್ತಿಗೆ ರೂಪುಗೊಳ್ತವೆ.

ಪ್ರತಿ ಕಂಪನದಲ್ಲೂ ಎರಡು ಮಡಿಕೆ ಒಂದಕ್ಕೊಂದು ಬಡಿಯುತ್ತೆ. ಪೆಟ್ಟು ಅತಿ ಜೋರು ಬೀಳೋದು ಕಂಪಿಸೋ ಭಾಗದ ನಟ್ಟನಡುವೆ. ಕೂಗಿ ಮಾತಾಡಿದಾಗ ಅಲ್ಲೇ ಊತ, ಊತದ ಮೇಲೆ ಮತ್ತೆ ಪೆಟ್ಟು, ನಿಧಾನಕ್ಕೆ ಗಂಟು. ಒಂದಕ್ಕೊಂದು ಬಡಿಯೋದ್ರಿಂದ ಎದುರುಬದುರು ಎರಡೂ ಕಡೆ. ಮುಚ್ಚುವಾಗ ಗಂಟುಗಳೇ ಮೊದಲು ತಾಗ್ತವೆ, ಉಳಿದ ಅಂಚು ಪೂರ್ತಿ ಕೂಡಲ್ಲ, ಗಂಟಿನ ಹಿಂದೆ ಮುಂದೆ ಸಂದು ಉಳಿಯುತ್ತೆ, ಗಾಳಿ ಸೋರುತ್ತೆ. ನಿಮಗೆ ಕೊನೇ ಪೀರಿಯಡ್‌ನಲ್ಲಿ ಬರೀ ಗಾಳಿ ಬರೋದು ಅದೇ.

ಪಿಯು ಭೌತಶಾಸ್ತ್ರ
ಲೆಕ್ಕ ಹಾಕಿ ನೋಡಿ. ದಿನಕ್ಕೆ 40 ನಿಮಿಷದ ಐದು ಪೀರಿಯಡ್, ಅದರಲ್ಲಿ ಅರ್ಧ ಹೊತ್ತು ದನಿ ಹೊರಡುತ್ತೆ ಅಂದ್ಕೊಳ್ಳಿ, 100 ನಿಮಿಷ. ಸೆಕೆಂಡಿಗೆ 200ರಂತೆ 12 ಲಕ್ಷ ಸಲ. ಗದ್ದಲದ ಮೇಲೆ ದನಿ ಏರಿಸಿದ್ರೆ ಸಂಖ್ಯೆಯೂ ಜಾಸ್ತಿ, ಪ್ರತಿ ಪೆಟ್ಟಿನ ಬಲವೂ ಜಾಸ್ತಿ.

ಎಂಟನೇ ಕ್ಲಾಸಿನ ಟೀಚರ್
12 ಲಕ್ಷ! ಪಕ್ಕದ ತರಗತಿಗೂ ನಮಗೂ ನಡುವೆ ಅರ್ಧ ಗೋಡೆ, ಮೇಲೆ ತಗಡು. ಮಳೆ ಬಂದ್ರೆ ಕೂಗದೆ ದಾರಿಯೇ ಇಲ್ಲ.

ನಿವೃತ್ತ ಹೆಡ್‌ಮಾಸ್ಟರ್
ಸೊಂಟಕ್ಕೆ ಕಟ್ಟಿಕೊಳ್ಳೋ ಸಣ್ಣ ಮೈಕ್ ಸಿಗುತ್ತೆ, ತಗೊಳ್ಳಿ. ನಮ್ಮ ಶಾಲೆಯ ಇಬ್ಬರು ಟೀಚರಿಗೆ ಇದರಿಂದಲೇ ಉಪಕಾರವಾಯ್ತು. ಮಕ್ಕಳು ಒಂದು ವಾರ ನಗ್ತಾರೆ, ಆಮೇಲೆ ಮರೀತಾರೆ.

ಕಡಕ್ ಮಾತು
ಮೈಕ್ ಇಲ್ಲದೆ ನಮ್ಮ ಮೇಷ್ಟ್ರುಗಳು ಮೂವತ್ತು ವರ್ಷ ಪಾಠ ಮಾಡಲಿಲ್ವಾ? ಈಗಿನವರದ್ದು ಎಲ್ಲದಕ್ಕೂ ಯಂತ್ರ.

ನಿವೃತ್ತ ಹೆಡ್‌ಮಾಸ್ಟರ್
ಮಾಡಿದ್ವಿ. ನಿವೃತ್ತಿ ಹೊತ್ತಿಗೆ ದನಿ ಒಡೆದು ಹೋದವರು ಎಷ್ಟು ಜನ ಅಂತ ನೀವು ನೋಡಿಲ್ಲ, ನಾನು ನೋಡಿದ್ದೀನಿ. ಅದು ಹೆಮ್ಮೆಯ ವಿಷಯ ಅಲ್ಲ.

ವಾಕ್ ಚಿಕಿತ್ಸಕಿ
ಹೆಡ್‌ಮಾಸ್ಟರ್ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಮೈಕ್ ಹಾಕಿದ್ರೆ ಪೆಟ್ಟಿನ ಬಲ ನೇರವಾಗಿ ಇಳಿಯುತ್ತೆ. ಟೀಚರ್, ನಿಮಗೆ ಹೇಳೋದು ಇಷ್ಟು. ಗಂಟಿಗೆ ಮೊದಲ ಚಿಕಿತ್ಸೆ ಧ್ವನಿ ಚಿಕಿತ್ಸೆ, ಕತ್ತರಿ ಅಲ್ಲ. ಮೆತ್ತಗಿನ ಪದರದಲ್ಲಿ ಕಲೆ ಉಳಿದ್ರೆ ಅದನ್ನ ಮೊದಲಿನಂತೆ ಮಾಡೋಕೆ ಆಗಲ್ಲ, ಅದಕ್ಕೇ ಆತುರ ಬೇಡ. ತಿಂಗಳುಗಟ್ಟಲೆ ಮೌನವೂ ಬೇಡ. ಮೌನದಲ್ಲಿ ಊತ ಇಳಿಯುತ್ತೆ, ಆದರೆ ಮಾತಾಡೋ ರೀತಿ ಬದಲಾಗಿರಲ್ಲ, ಶಾಲೆ ಶುರುವಾದ ಕೂಡಲೇ ವಾಪಸ್ ಬರುತ್ತೆ. ನಿಮ್ಮ ದಸರಾ ರಜೆಯ ಕಥೆ ಇದೇ. ಕಟ್ಟುನಿಟ್ಟಿನ ಮೌನ ಬೇಕಾಗೋದು ತಂತುಗಳಲ್ಲಿ ರಕ್ತಸ್ರಾವ ಆದಾಗ, ಇಲ್ಲಾ ಶಸ್ತ್ರಚಿಕಿತ್ಸೆ ಆದ ಕೆಲವು ದಿನ.

ನೀರು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ. ಅದು ತಂತುಗಳನ್ನ ಮುಟ್ಟದಿದ್ರೂ ದೇಹದ ಮೂಲಕ ಅವನ್ನ ತೇವವಾಗಿಡುತ್ತೆ. ಒಣಗಿದ್ರೆ ಅದುರೋಕೆ ಹೆಚ್ಚು ಒತ್ತಡ ಬೇಕು. ಗಂಟಲು ಕೆರೆಯೋ ಬದಲು ಒಂದು ಗುಟುಕು ನುಂಗಿ. ತಡರಾತ್ರಿ ಊಟ ಮಾಡಿ ಮಲಗಿದ್ರೆ ಹೊಟ್ಟೆಯ ಆಮ್ಲ ಮೇಲೆ ಬಂದು ತಂತುಗಳನ್ನ ಕೆರಳಿಸುತ್ತೆ, ಅದನ್ನೂ ನೋಡಿಕೊಳ್ಳಿ. ಸಣ್ಣ ಸ್ಟ್ರಾ ತುಟಿಯಲ್ಲಿಟ್ಟು 'ಊ' ಅಂತ ದನಿ ಊದೋ ಅಭ್ಯಾಸ ಇದೆ, ಒಳ್ಳೇದು. ಬಾಯಿ ಅರ್ಧ ಮುಚ್ಚಿದ್ದಾಗ ಹಿಂದಕ್ಕೆ ಬರೋ ಒತ್ತಡ ಮಡಿಕೆಗಳನ್ನ ಸ್ವಲ್ಪ ಬಿಡಿಸಿ ಹಿಡಿಯುತ್ತೆ, ಕಡಿಮೆ ಪೆಟ್ಟಿನಲ್ಲಿ ದನಿ ಬರುತ್ತೆ. ಆದರೆ ಒಮ್ಮೆಯಾದ್ರೂ ಎದುರಿಗೆ ಕೂತು ಕಲಿತು ಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡ್ತಿದೆ. ದೂರವಾದ್ರೆ ನಿಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ.

ತಂಬೂರಿ
ಸ್ಟ್ರಾ ಮಾತು ಬಂದಿದ್ದಕ್ಕೆ. ಭ್ರಾಮರಿ ಪ್ರಾಣಾಯಾಮದಲ್ಲಿ ತುಟಿ ಮುಚ್ಚಿ ಗುಂಯ್‌ಗುಡೋದೂ ಇದೇ ಜಾತಿಯಲ್ವಾ?

ವಾಕ್ ಚಿಕಿತ್ಸಕಿ
ಹೌದು, ಅದೇ ಗುಂಪು. ಕತ್ತು ಬಿಗಿಯದೆ ಮಾಡಿದ್ರೆ ಮಾತ್ರ.

ಹಳಗನ್ನಡದ ಹುಚ್ಚು
ಯಾರಾದ್ರೂ ಕತ್ತಿನ ಮೇಲೆ ಬೆರಳಿಟ್ಟು 'ಸ್ಸ್ಸ್' ಅಂದು, ಆಮೇಲೆ 'ಮ್ಮ್ಮ್' ಅಂದು ನೋಡಿ. ಎರಡನೆಯದರಲ್ಲಿ ಬೆರಳು ಅದುರುತ್ತೆ. ಕ–ಗ, ಚ–ಜ, ತ–ದ, ಪ–ಬ ಜೋಡಿಗಳಲ್ಲಿ ನಾಲಿಗೆ ತುಟಿ ಇರೋ ಜಾಗ ಒಂದೇ. ಧ್ವನಿತಂತುಗಳು ಅದುರಿದ್ರೆ ಗ, ಇಲ್ಲದಿದ್ರೆ ಕ. ವ್ಯಾಕರಣಕಾರರು ಘೋಷ, ಅಘೋಷ ಅಂತ ವಿಂಗಡಿಸಿದ್ದು ಇದನ್ನೇ. ಕನ್ನಡಿ, ಕ್ಯಾಮೆರಾ ಏನೂ ಇಲ್ಲದ ಕಾಲದಲ್ಲಿ, ಕಿವಿಯೊಂದನ್ನೇ ನಂಬಿ. ನಮ್ಮ ವರ್ಣಮಾಲೆ ಗಂಟಲು ಗೊತ್ತಿದ್ದವರು ಜೋಡಿಸಿಟ್ಟ ಪಟ್ಟಿ.

ಸಿಗ್ನಲ್ ಪ್ರೊಸೆಸಿಂಗ್
'ಘ', 'ಧ', 'ಭ' ಇನ್ನೂ ಸ್ವಾರಸ್ಯ. ಅಲ್ಲಿ ಮಡಿಕೆ ಪೂರ್ತಿ ಕೂಡದೆ, ಗಾಳಿ ಸೋರ್ತಾ ಸೋರ್ತಾ ಅದುರುತ್ತೆ.

ಕಡಕ್ ಮಾತು
ಕನ್ನಡದ ನಾಲಿಗೆಗೆ ಮಹಾಪ್ರಾಣ ಬೇಕೇ ಇಲ್ಲ.

ರಾಜಾಜಿನಗರ
ಅಯ್ಯೋ, ಆ ಜಗಳ ಇಲ್ಲಿ ಬೇಡ ಕಣ್ರೀ. ಅದಕ್ಕೆ ಬೇರೆ ಎಳೆ ಇದೆ.

ತಂಬೂರಿ
ಕನ್ನಡಿ ಅಂದದ್ದಕ್ಕೆ ನೆನಪಾಯ್ತು. ಬದುಕಿರೋ ಮನುಷ್ಯನ ಧ್ವನಿತಂತು ಕೆಲಸ ಮಾಡೋದನ್ನ ಚೆನ್ನಾಗಿ ನೋಡಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು ಸಂಗೀತದ ಮೇಷ್ಟ್ರು! ಮ್ಯಾನುಯೆಲ್ ಗಾರ್ಸಿಯಾ, 1854ರಲ್ಲಿ ಪ್ಯಾರಿಸ್‌ನಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನ ಬಾಯಿಯ ಹಿಂಭಾಗಕ್ಕೆ ಇಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಬಿಟ್ಟು, ತನ್ನದೇ ಗಂಟಲು ನೋಡಿಕೊಂಡ್ರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಕೊಟ್ಟರು. ನೂರೊಂದು ವರ್ಷ ಬದುಕಿದ್ದರು.

ಸಿಗ್ನಲ್ ಪ್ರೊಸೆಸಿಂಗ್
ಈಗ ಸ್ಟ್ರೋಬೋಸ್ಕೋಪಿ ಇದೆ. ಸೆಕೆಂಡಿಗೆ 200 ಸಲ ಅದುರೋದು ಕಣ್ಣಿಗೆ ಸಿಗಲ್ಲ. ಅದಕ್ಕಿಂತ ಚೂರು ಬೇರೆ ವೇಗದಲ್ಲಿ ಬೆಳಕು ಮಿನುಗಿಸಿದ್ರೆ ಕಂಪನ ನಿಧಾನವಾದಂತೆ ಕಾಣುತ್ತೆ, ಅಲೆ ಎಲ್ಲಿ ಮುರಿಯುತ್ತೆ ಅಂತ ಗೊತ್ತಾಗುತ್ತೆ.

ಡೆಟ್ರಾಯಿಟ್ ಕನ್ನಡಿಗ
ನಮ್ಮ ಅಕ್ಕನಿಗೆ ಥೈರಾಯ್ಡ್ ಆಪರೇಷನ್ ಆದ ಮೇಲೆ ದನಿ ತೆಳುವಾಯ್ತು, ನೀರು ಕುಡಿದ್ರೆ ಕೆಮ್ಮು. ಆಪರೇಷನ್ ಮಾಡಿದ್ದು ಗಂಟಲ ಹೊರಗೆ, ತಂತುಗಳಿಗೆ ಏನಾಯ್ತು?

ವಾಕ್ ಚಿಕಿತ್ಸಕಿ
ತಂತುಗಳನ್ನ ಆಡಿಸೋ ನರ ಥೈರಾಯ್ಡಿನ ಹಿಂಬದಿಗೆ ಅಂಟಿಕೊಂಡೇ ಹೋಗುತ್ತೆ. ಆ ನರದ ದಾರಿ ವಿಚಿತ್ರ. ಮೆದುಳಿನಿಂದ ಇಳಿದು ಧ್ವನಿಪೆಟ್ಟಿಗೆ ದಾಟಿ ಎದೆಗೆ ಹೋಗಿ, ಎಡಗಡೆಯದು ಮಹಾಧಮನಿಯ ಕಮಾನಿನ ಕೆಳಗೆ ಸುತ್ತಿ, ವಾಪಸ್ ಮೇಲೆ ಬರುತ್ತೆ. ಅದಕ್ಕೇ ಎಡ ಶ್ವಾಸಕೋಶದ ಗಡ್ಡೆಯೂ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳೋದು ದನಿ ಒಡೆಯೋದ್ರಲ್ಲಿ. ನರ ಬರೀ ನೊಂದಿದ್ರೆ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳಬಹುದು. ಇಲ್ಲದಿದ್ರೆ ಆಡದ ತಂತುವನ್ನ ಮಧ್ಯಕ್ಕೆ ತಳ್ಳಿ ನಿಲ್ಲಿಸೋ ಚಿಕಿತ್ಸೆ ಇದೆ. ನೀರು ಕುಡಿದಾಗ ಕೆಮ್ಮು ಅಂದ್ರಲ್ಲ, ಅದನ್ನ ತಡಮಾಡದೆ ತೋರಿಸಿ.

ಧಾರವಾಡದಾಂವ
ನಮ್ಮ ಮಾವ ಬೀಡಿ ಬಿಡಲಿಲ್ಲ. ದನಿ ಗೊಗ್ಗರಾಗಿ ಭಾಳ ದಿನ ಆಗಿತ್ತು, ಸುಂಠಿ ಕಷಾಯ ಕುಡಕೋತ ಕುಂತ. ಆಮ್ಯಾಲ ಕ್ಯಾನ್ಸರ್ ಅಂದ್ರು, ಇಡೀ ಧ್ವನಿಪೆಟ್ಟಿಗೀನ ತಗದ್ರು. ಕುತ್ತಿಗಿಯೊಳಗ ತೂತು, ಅದರಾಗ ಉಸಿರಾಟ. ಮನ್ಯಾಗಿನ ಮಕ್ಕಳನ್ನ ಹೆಸರಹಿಡದು ಕರಿಯಾಕ ಬರದಾಂಗಾತು. ಓದೋ ಎಲ್ಲರಿಗೂ ಕೈ ಮುಗದು ಹೇಳತೀನಿ, ದನಿ ಮೂರು ವಾರ ಸರಿ ಆಗಲಿಲ್ಲ ಅಂದ್ರ ಕಷಾಯ ಬಿಟ್ಟು ಡಾಕ್ಟರ ಕಡೆ ಹೋಗ್ರಿ.

ಡೆಟ್ರಾಯಿಟ್ ಕನ್ನಡಿಗ
ಮಾವನವರಿಗೆ ಬೆಂಗಳೂರಿನ ಆ ಸಾಧನ ಕೊಡಿಸಿದ್ರಾ? ಡಾ. ವಿಶಾಲ್ ರಾವ್ ಅವರು ಮಾಡಿದ 'ಓಂ' ಧ್ವನಿ ಸಾಧನ, ಬೆಲೆ ಸುಮಾರು 50 ರೂಪಾಯಿ ಅಂತ ಇಲ್ಲೂ ಸುದ್ದಿಯಾಗಿತ್ತು. ವಿದೇಶದ್ದು ಸಾವಿರಾರು ರೂಪಾಯಿ.

ಧಾರವಾಡದಾಂವ
ಅಷ್ಟರಾಗ ಅವರು ಹೋಗಿಬಿಟ್ಟಿದ್ರು. ಧ್ವನಿತಂತು ಇಲ್ಲದ ದನಿ ಹ್ಯಾಂಗ ಬರ್ತೈತಿ ಅದರಾಗ?

ವಾಕ್ ಚಿಕಿತ್ಸಕಿ
ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಮ್ಮುಖ ಕವಾಟ ಕೂರಿಸ್ತಾರೆ. ಕತ್ತಿನ ತೂತನ್ನ ಬೆರಳಿನಿಂದ ಮುಚ್ಚಿ ಉಸಿರು ಬಿಟ್ರೆ ಗಾಳಿ ಅನ್ನನಾಳಕ್ಕೆ ಹೋಗುತ್ತೆ, ಅಲ್ಲಿನ ಮೇಲ್ತುದಿಯ ಗೋಡೆ ಅದುರುತ್ತೆ. ನಾಲಿಗೆ ತುಟಿ ಮೊದಲಿನಂತೇ ಇರೋದ್ರಿಂದ ಅದು ಮಾತಾಗುತ್ತೆ. ದಪ್ಪ, ಒರಟು ದನಿ, ಆದರೆ ಮನೆಯವರಿಗೆ ಅವರದೇ ಮಾತಿನ ಧಾಟಿ ಗುರುತು ಸಿಗುತ್ತೆ.

ಗೃಹಿಣಿ ತುಮಕೂರು
ನಡುವೆ ಬಂದು ಕೇಳ್ತಿದ್ದೀನಿ. ನನ್ನ ಮಗನಿಗೆ ಹದಿನೇಳು ನಡೀತಿದೆ. ಮೀಸೆ ಬಂದಿದೆ, ಎತ್ತರ ಬೆಳೆದಿದ್ದಾನೆ, ದನಿ ಮಾತ್ರ ಹುಡುಗಿ ತರಹ. ಕಾಲೇಜಲ್ಲಿ ಆಡಿಕೊಳ್ತಾರೆ ಅಂತ ಮಾತೇ ಕಡಿಮೆ ಮಾಡಿದ್ದಾನೆ. ಧ್ವನಿತಂತುಗಳಲ್ಲಿ ಏನಾದ್ರೂ ಕೊರತೆ ಇರುತ್ತಾ?

ವಾಕ್ ಚಿಕಿತ್ಸಕಿ
ಬಹಳ ಸಲ ಇರಲ್ಲ. ಹುಡುಗರಲ್ಲಿ ಹನ್ನೆರಡರಿಂದ ಹದಿನಾರರ ನಡುವೆ ಟೆಸ್ಟೋಸ್ಟಿರಾನ್‌ನಿಂದ ಧ್ವನಿಪೆಟ್ಟಿಗೆ ದೊಡ್ಡದಾಗುತ್ತೆ, ತಂತುಗಳು ಉದ್ದ ದಪ್ಪ ಆಗ್ತವೆ, ದನಿ ಹತ್ತಿರಹತ್ತಿರ ಒಂದು ಸ್ಥಾಯಿ ಇಳಿಯುತ್ತೆ. ಕೆಲವರಲ್ಲಿ ಬೆಳವಣಿಗೆ ಪೂರ್ತಿಯಾಗಿದ್ರೂ ಹಳೇ ಏರು ದನಿಯಲ್ಲೇ ಮಾತಾಡೋ ರೂಢಿ ಉಳಿದುಬಿಡುತ್ತೆ. ಅವನು ಕೆಮ್ಮಿದಾಗ, ಗಟ್ಟಿಯಾಗಿ ನಕ್ಕಾಗ ದಪ್ಪ ದನಿ ಕೇಳಿಸುತ್ತಾ ಗಮನಿಸಿ. ಕೇಳಿಸಿದ್ರೆ ಒಳಗೆ ಆ ದನಿ ಇದೆ ಅಂತಲೇ ಅರ್ಥ. ಧ್ವನಿ ಚಿಕಿತ್ಸೆಯಲ್ಲಿ ಇದು ಬೇಗ ಫಲ ಕೊಡೋ ತೊಂದರೆಗಳಲ್ಲಿ ಒಂದು. ಮೊದಲು ಇಎನ್‌ಟಿ ನೋಡಲಿ, ಹಾರ್ಮೋನ್ ಪರೀಕ್ಷೆ ಬೇಕಾದ್ರೆ ಅವರು ಹೇಳ್ತಾರೆ.

ಗೃಹಿಣಿ ತುಮಕೂರು
ಕೆಮ್ಮುವಾಗ ದಪ್ಪ ದನಿ ಬರುತ್ತೆ! ನಾನು ಗಮನಿಸಿದ್ದೆ, ಶೀತ ಅಂದ್ಕೊಂಡಿದ್ದೆ. ಪರೀಕ್ಷೆ ಮುಗಿದ ಕೂಡಲೇ ಕರ್ಕೊಂಡು ಹೋಗ್ತೀನಿ. ಕ್ಯಾಮೆರಾ ಹಾಕುವಾಗ ನೋವಾಗುತ್ತಾ? ಅವನು ಹೆದರ್ತಾನೆ.

ಎಂಟನೇ ಕ್ಲಾಸಿನ ಟೀಚರ್
ನನಗೆ ನೋವಾಗಲಿಲ್ಲ ಮೇಡಂ. ಮೂಗಿಗೆ ಮರಗಟ್ಟೋ ಸ್ಪ್ರೇ ಹಾಕಿದ್ರು, ಕಣ್ಣಲ್ಲಿ ನೀರು ಬಂತು ಅಷ್ಟೇ. ನಡುವೆ 'ಈ' ಅನ್ನಿ ಅಂತಾರೆ. ಪರದೆ ಅವನ ಕಡೆಗೂ ತಿರುಗಿಸಿ ತೋರಿಸೋಕೆ ಹೇಳಿ, ನೋಡ್ತಾ ನೋಡ್ತಾ ಹೆದರಿಕೆ ಹೋಗುತ್ತೆ.

ವಾಕ್ ಚಿಕಿತ್ಸಕಿ
ಸ್ವಲ್ಪ ಓಕರಿಕೆ ಬರಬಹುದು, ಹೊಟ್ಟೆ ಬಿರಿಯ ಉಂಡು ಹೋಗೋದು ಬೇಡ. ಸ್ಪ್ರೇ ಹಾಕಿದ ಮೇಲೆ ಗಂಟಲೂ ಮರಗಟ್ಟಿರುತ್ತೆ, ಆ ಜೋಮು ಪೂರ್ತಿ ಬಿಡೋವರೆಗೆ ನೀರು, ಊಟ ಏನೂ ಕೊಡಬೇಡಿ.